ದಣಿವು ಎಲ್ಲಿಂದ ಬರತ್ತೆ, ಭರವಸೆ ಹೇಗೆ ಉಳಿಯತ್ತೆ: ಜನಾಂಗಭೇದದ ವಿರುದ್ಧ ಕೆಲಸ ಮಾಡೋರಿಗೆ

ಮುಂಬೈಯಲ್ಲಿ ಈಶಾನ್ಯ ರಾಜ್ಯಗಳಿಂದ ಬಂದ ಹುಡುಗ ಹುಡುಗೀರಿಗೆ, ಆಫ್ರಿಕಾದ ದೇಶಗಳಿಂದ ಓದೋಕೆ ಅಥವಾ ವ್ಯಾಪಾರಕ್ಕೆ ಅಂತ ಬಂದೋರಿಗೆ ಮುಖ ನೋಡಿ ಮೈಬಣ್ಣ ನೋಡಿ ಮನೆ ಕೊಡದೇ ಇರೋದು, ದಾರೀಲಿ ಹೆಸರಿಟ್ಟು ಕೂಗೋದು, ಆಟೋ ನಿಲ್ಲಿಸದೇ ಹೋಗೋದು, ಇದೆಲ್ಲ ದಿನಾ ನಡೆಯೋ ವಿಷಯ. ಇದರ ವಿರುದ್ಧ ಕೆಲಸ ಮಾಡೋ ಸಣ್ಣ ಸಣ್ಣ ಗುಂಪುಗಳಿವೆ, ಕಲೀನಾ ವಾಕೋಲಾ ಕಡೆ ಇರೋ ಅಂಥ ಒಂದು ಗುಂಪಲ್ಲಿ ನಾನೂ ಇದೀನಿ. ನಮ್ಮಲ್ಲಿ ಕನ್ನಡದೋರು ಜಾಸ್ತಿ, ಯಾಕಂದ್ರೆ ಇದು ಶುರುವಾಗಿದ್ದೇ ಹೋಟೆಲ್ ಲೈನಿನ ಹುಡುಗರಿಂದ, ಅಡುಗೆಮನೇಲಿ ಉಡುಪಿ ಕಡೆಯೋನ ಪಕ್ಕದಲ್ಲೇ ಮಣಿಪುರದೋನು ನಿಂತು ಕೆಲಸ ಮಾಡ್ತಿರ್ತಾನೆ, ಒಬ್ಬನನ್ನ ರೂಮಿಂದ ಹೊರಗೆ ಹಾಕಿದ್ರೆ ಇನ್ನೊಬ್ಬನಿಗೆ ಅವತ್ತೇ ಗೊತ್ತಾಗತ್ತೆ. ಕೆಲಸ ಅಂದ್ರೆ ಮೆರವಣಿಗೆ ಭಾಷಣ ಎಲ್ಲ ಕಮ್ಮಿ. ಮನೆ ಹುಡುಕಿಕೊಡೋದು, ಡಿಪಾಸಿಟ್ ವಾಪಸ್ ಕೊಡದ ಓನರ್ ಹತ್ರ ಹೋಗಿ ಮಾತಾಡೋದು, ಪೊಲೀಸ್ ಸ್ಟೇಷನ್ನಿಗೆ ಜೊತೆಗೆ ಹೋಗೋದು, ಮರಾಠೀಲಿ ಕಂಪ್ಲೇಂಟ್ ಬರೆದುಕೊಡೋದು, ಹೌಸಿಂಗ್ ಸೊಸೈಟಿ ಮೀಟಿಂಗಲ್ಲಿ ಎದ್ದು ನಿಂತು ಎರಡು ಮಾತು ಹೇಳೋದು.

ಈ ಕೆಲಸಕ್ಕೆ ಬರೋರಲ್ಲಿ ತುಂಬಾ ಜನ ಒಂದು ವರ್ಷ ಎರಡು ವರ್ಷದೊಳಗೆ ಬಿಟ್ಟು ಹೋಗ್ತಾರೆ. ಕಾಳಜಿ ಕಮ್ಮಿಯಾಗಿ ಹೋಗೋರು ಬಹಳ ಅಪರೂಪ, ಸಾಮಾನ್ಯವಾಗಿ ಎಲ್ಲರಿಗಿಂತ ಹೆಚ್ಚು ಓಡಾಡಿದೋರೇ ಮೊದಲು ಹೋಗೋದು. ಹೋದೋರ ಬಗ್ಗೆ ಜನ ಹೇಳೋದು ಏನಂದ್ರೆ "ಪಾಪ, ಮನಸ್ಸು ಗಟ್ಟಿ ಇರ್ಲಿಲ್ಲ". ನಂಗೆ ಈ ಮಾತು ಕೇಳಿದ್ರೆ ನಿಜವಾಗ್ಲೂ ಸಂಕಟ ಆಗತ್ತೆ. ಯಾಕೆ ಅಂದ್ರೆ ಭರವಸೆ ಉಳಿಯೋದು ಬಿಡೋದು ಒಬ್ಬೊಬ್ಬರ ಮನಸ್ಸಿನ ಗಟ್ಟಿತನದ ಮೇಲೆ ನಿಂತಿಲ್ಲ, ಕೆಲಸವನ್ನ ಹೇಗೆ ಹಂಚಿದೀವಿ, ಯಾರ ಹೆಗಲ ಮೇಲೆ ಎಷ್ಟು ಹಾಕಿದೀವಿ, ಗೆದ್ದಿದ್ದನ್ನ ಯಾವುದರಲ್ಲಿ ಅಳೀತೀವಿ, ಇದರ ಮೇಲೆ ನಿಂತಿದೆ. ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು ಅಂತ ಬರೀತಿದೀನಿ.

ಮೊದಲು ದಣಿವಿನ ವಿಷಯ. ಬರ್ನೌಟ್ ಅಂತ ಈಗ ಆಫೀಸಲ್ಲಿ ಎಲ್ಲರೂ ಹೇಳ್ತಾರಲ್ಲ, ಅದನ್ನ ಮೊದಲು ಗುರುತಿಸಿ ಬರೆದೋರಲ್ಲಿ ಒಬ್ಬರು ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್, 1974ರಲ್ಲಿ, ಮತ್ತೆ ಅವರು ನೋಡಿದ್ದು ದೊಡ್ಡ ಕಂಪನಿಯ ಮ್ಯಾನೇಜರುಗಳನ್ನಲ್ಲ, ನ್ಯೂಯಾರ್ಕಿನ ಒಂದು ಉಚಿತ ಕ್ಲಿನಿಕ್‌ನಲ್ಲಿ ಮನಸ್ಸಿಟ್ಟು ದುಡೀತಿದ್ದ ಸ್ವಯಂಸೇವಕರನ್ನ. ಅಂದ್ರೆ ಈ ಮಾತು ಹುಟ್ಟಿದ್ದೇ ನಮ್ಮಂಥೋರನ್ನ ನೋಡಿ. ಆಮೇಲೆ ಕ್ರಿಸ್ಟಿನಾ ಮಾಸ್ಲಾಕ್ ಅನ್ನೋ ಮನಶ್ಶಾಸ್ತ್ರಜ್ಞೆ ಅದನ್ನ ಮೂರು ಎಳೆಯಾಗಿ ಬಿಡಿಸಿದ್ರು: ಒಂದು, ಮೈಮನಸ್ಸು ಪೂರ್ತಿ ಬತ್ತಿ ಹೋಗೋದು; ಎರಡು, ಯಾರಿಗೋಸ್ಕರ ಕೆಲಸ ಮಾಡ್ತಿದೀವೋ ಅವರ ಮೇಲೇ ಬೇಸರ, ದೂರ ಬರೋದು; ಮೂರು, ನಾನು ಮಾಡಿದ್ರಿಂದ ಏನೂ ಆಗಲ್ಲ ಅನ್ನೋ ಭಾವನೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ಪಟ್ಟೀಲಿ ಇದನ್ನ ರೋಗ ಅಂತ ಹೇಳದೆ ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ವಿವರಿಸ್ತು, ಇದೇ ಮೂರು ಲಕ್ಷಣ ಇಟ್ಕೊಂಡು. ನಮ್ಮ ಕೆಲಸದಲ್ಲಿ ಎರಡನೇದು ಬಂದಾಗ ಹುಷಾರಾಗ್ಬೇಕು. ರಾತ್ರಿ ಹನ್ನೊಂದಕ್ಕೆ ಫೋನ್ ಬಂದ್ರೆ "ಮತ್ತೆ ಇವಳಾ" ಅಂತ ಮನಸ್ಸಿಗೆ ಬಂತಾ, ಅದು ಕೆಟ್ಟತನ ಅಲ್ಲ, ಲಕ್ಷಣ. ಅದನ್ನ ಗುಂಪಲ್ಲಿ ಹೇಳಿಕೊಳ್ಳೋಕೆ ಜಾಗ ಇರ್ಬೇಕು.

ಆದ್ರೆ ಜನಾಂಗಭೇದದ ದಣಿವಲ್ಲಿ ಇನ್ನೊಂದು ಪದರ ಇದೆ, ಇದನ್ನ ಬಹಳ ಜನ ಗಮನಿಸಲ್ಲ. ಆರ್ಲೀನ್ ಜೆರೋನಿಮಸ್ ಅಂತ ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಶೋಧಕಿ 1992ರಲ್ಲಿ ಒಂದು ವಿಚಾರ ಮುಂದಿಟ್ರು: ಅಲ್ಲಿನ ಕಪ್ಪು ಹೆಂಗಸರ ದೇಹ ಬಿಳಿಯರಿಗಿಂತ ಬೇಗ ಸವೆಯತ್ತೆ, ಇಪ್ಪತ್ತರ ಹರೆಯದಲ್ಲೇ ಆರೋಗ್ಯ ಇಳಿಯೋಕೆ ಶುರುವಾಗತ್ತೆ, ಕಾರಣ ರಕ್ತದಲ್ಲಿಲ್ಲ, ಹುಟ್ಟಿದಾಗಿಂದ ಅನುಭವಿಸೋ ಭೇದ, ಬಡತನ, ಅದನ್ನ ಎದುರಿಸೋಕೆ ಮೈ ಸದಾ ತಯಾರಾಗಿ ನಿಂತಿರೋದು. ಅಪಾಯ ಬಂದಾಗ ಮೈಯಲ್ಲಿ ಕಾರ್ಟಿಸಾಲ್, ಅಡ್ರಿನಲಿನ್ ಅನ್ನೋ ಹಾರ್ಮೋನು ಏರತ್ತೆ, ಎದೆ ಹೊಡ್ಕೊಳ್ಳತ್ತೆ, ರಕ್ತದೊತ್ತಡ ಏರತ್ತೆ, ಅಪಾಯ ಹೋದ್ಮೇಲೆ ಇಳಿಯತ್ತೆ, ಅದು ಸರಿ. ಆದ್ರೆ ಇಳಿಯೋಕೆ ಅವಕಾಶನೇ ಸಿಗದಿದ್ರೆ? ನಮ್ಮ ಜೊತೆ ಇರೋ ಒಬ್ಬ ಮಣಿಪುರದ ಹುಡುಗಿ ಸಲೂನಲ್ಲಿ ಕೆಲಸ ಮಾಡ್ತಾಳೆ, ಅವಳು ಲೋಕಲ್ ಟ್ರೈನ್ ಹತ್ತಿದ ಕೂಡ್ಲೇ ಡಬ್ಬದಲ್ಲಿ ಯಾರ್ಯಾರು ಎಲ್ಲೆಲ್ಲಿ ಕೂತಿದಾರೆ ಅಂತ ಒಂದು ಸಲ ನೋಡ್ತಾಳೆ, ಬಾಗಿಲ ಹತ್ರ ಎಷ್ಟು ಜಾಗ ಇದೆ ನೋಡ್ತಾಳೆ, ಕಿವೀಲಿ ಇಯರ್‌ಫೋನ್ ಇಟ್ಕೊಂಡ್ರೂ ಹಾಡು ಹಾಕಲ್ಲ, ಹಿಂದೆ ಯಾರು ಏನಂತಾರೆ ಕೇಳಿಸ್ಬೇಕಲ್ಲ. ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ, ವರ್ಷಗಟ್ಟಲೆ. ಅವಳು ಹೇಳೋದು ಇದು 2020ರಿಂದ ಜಾಸ್ತಿ ಆಯ್ತು ಅಂತ. ಕೊರೊನಾ ಶುರುವಾದಾಗ ಈಶಾನ್ಯದೋರನ್ನ ನೋಡಿ ಆ ರೋಗದ ಹೆಸರಲ್ಲೇ ಕರೆದಿದ್ದು, ಉಗಿದಿದ್ದು ನೆನಪಿರ್ಬೇಕು, ನಮ್ಮ ಕಲೀನಾದಲ್ಲೇ ಒಬ್ಬ ಹುಡುಗಿ ಮೇಲೆ ಬೈಕಲ್ಲಿ ಬಂದೋನು ಉಗಿದು ಹೋದ, ದೇಶದ ಎಲ್ಲಾ ಕಡೆ ಇಂಥದ್ದು ಆಗಿ ಕೇಂದ್ರ ಗೃಹ ಇಲಾಖೆ ರಾಜ್ಯಗಳಿಗೆ ಸೂಚನೆ ಕಳಿಸ್ಬೇಕಾಯ್ತು.

ಈಗ ಅರ್ಥ ಆಗತ್ತೆ, ಗುಂಪಲ್ಲಿ ಎಲ್ಲರ ದಣಿವೂ ಒಂದೇ ಅಲ್ಲ ಅಂತ. ನಾನು ದಕ್ಷಿಣ ಕನ್ನಡದೋಳು, ಮೀಟಿಂಗ್ ಮುಗಿಸಿ ಮನೆಗೆ ಹೋಗೋವಾಗ ನನ್ನನ್ನ ಯಾರೂ ತಿರುಗಿ ನೋಡಲ್ಲ, ನನ್ನ ಪಾಲಿಗೆ ಅವತ್ತಿನ ಕೆಲಸ ಮುಗೀತು. ಅವಳಿಗೆ ಮುಗಿಯಲ್ಲ. ಪಾಲ್ ಗೋರ್‌ಸ್ಕಿ ಅನ್ನೋ ಸಂಶೋಧಕ ಅಮೆರಿಕದಲ್ಲಿ ಜನಾಂಗ ನ್ಯಾಯಕ್ಕೆ ಹೋರಾಡಿ ಬತ್ತಿ ಹೋದೋರನ್ನ ಕೂರಿಸಿ ಮಾತಾಡಿಸಿದ್ರು, 2019ರಲ್ಲಿ ಅದರ ಬಗ್ಗೆ ಪ್ರಬಂಧಗಳು ಬಂದ್ವು. ಹೊರಗಿನ ವಿರೋಧ ಅಷ್ಟೇ ಅಲ್ಲ, ಸಂಘಟನೆಯ ಒಳಗೆ ಜೊತೆಗಾರರು ನಡ್ಕೊಳ್ಳೋ ರೀತಿಯೂ ಜನರನ್ನ ಸುಸ್ತು ಮಾಡತ್ತೆ ಅನ್ನೋದು ಅದರಲ್ಲಿ ಎದ್ದು ಕಾಣೋ ಮಾತು. ಅದರಲ್ಲೂ ಕಪ್ಪು, ಕಂದು ಬಣ್ಣದ ಹೋರಾಟಗಾರರು ಹೇಳಿದ್ದು ಜೊತೆಗೆ ಹೋರಾಡೋ ಬಿಳಿಯರ ಬಗ್ಗೆ: ಕಷ್ಟದ ಕೆಲಸ ಬಂದಾಗ ಹಿಂದೆ ಸರೀತಾರೆ, ನಾವು ಮಾಡಿದ್ದರ ಹೆಸರು ತಗೋತಾರೆ, ತಪ್ಪು ತೋರಿಸಿದ್ರೆ ಅವರನ್ನೇ ನಾವು ಸಮಾಧಾನ ಮಾಡ್ಬೇಕಾಗತ್ತೆ ಅಂತ. ಇದನ್ನ ಓದಿದಾಗ ನಂಗೆ ನಮ್ಮ ದೇಶದ ಗುಂಪುಗಳೇ ಕಣ್ಮುಂದೆ ಬಂದ್ವು, ಬಿಳಿಯರು ಅನ್ನೋ ಜಾಗದಲ್ಲಿ ಮೇಲ್ಜಾತಿಯೋರು, ಊರಲ್ಲಿ ನೆಲೆ ಇರೋರು ಅಂತ ಹಾಕ್ಕೊಂಡ್ರೆ ಸಾಕು.

ಒಂದು ಉದಾಹರಣೆ ಹೇಳ್ತೀನಿ. ನಮ್ಮಲ್ಲಿ ಹಳಿಯಾಳ ಕಡೆಯ ಒಬ್ಬ ಸಿದ್ದಿ ಹುಡುಗ ಇದಾನೆ. ಸಿದ್ದಿಗಳು ಅಂದ್ರೆ ಗೊತ್ತಲ್ಲ, ಶತಮಾನಗಳ ಹಿಂದೆ ಆಫ್ರಿಕಾದಿಂದ ಈ ನೆಲಕ್ಕೆ ಬಂದೋರ ಪೀಳಿಗೆ, ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಇದಾರೆ, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ರು. ಈ ಹುಡುಗ ಅಂಧೇರೀಲಿ ಹೋಟೆಲ್ ಕೆಲಸಕ್ಕಿದಾನೆ, ಅಚ್ಚ ಕನ್ನಡ ಮಾತಾಡ್ತಾನೆ, ಆದ್ರೂ ವಾರಕ್ಕೊಂದು ಸಲ ಯಾರಾದ್ರೂ ಯಾವ ದೇಶ, ಪಾಸ್‌ಪೋರ್ಟ್ ಎಲ್ಲಿ ಅಂತ ಕೇಳ್ತಾರೆ. ಅವನು ಗುಂಪಿಗೆ ಬಂದ ಮೇಲೆ ಏನಾಯ್ತು ಅಂದ್ರೆ ಎಲ್ಲಾ ಕಾರ್ಯಕ್ರಮಕ್ಕೂ ಅವನನ್ನೇ ವೇದಿಕೆಗೆ ಕರೆಯೋರು, ಕಾಲೇಜಿಂದ ಬಂದೋರು, ಪತ್ರಿಕೆಯೋರು, ಎಲ್ಲರಿಗೂ ಅವನ ಕತೆ ಬೇಕು, ಅವನು ಪಾಸ್‌ಪೋರ್ಟಿನ ಕತೆ ಹೇಳ್ಬೇಕು, ಕೇಳಿದೋರ ಕಣ್ಣಲ್ಲಿ ನೀರು ಬರ್ಬೇಕು. ಒಂದು ದಿನ ಅವನು ನನ್ನ ಹತ್ರ ಬಂದು "ಅಕ್ಕ, ನಂಗೆ ಮೈಕ್ ಬೇಡ. ಭಾನುವಾರ ಇಲ್ಲಿ ಬರೋ ಹುಡುಗ್ರಿಗೆ ಒಂದು ಕೇರಂ ಬೋರ್ಡ್ ತಂದುಕೊಡಿ, ಸಾಕು" ಅಂದ.

ಕೇರಂ ಬೋರ್ಡ್ ಬಂತು. ಜೊತೆಗೆ ಒಂದು ಕಟ್ಟುಪಾಡೂ ಬಂತು: ಅನುಭವ ಹೇಳೋದು ಹೇಳೋರ ಇಷ್ಟ, ಯಾರೂ ಕೇಳಬಾರದು, ಹೊರಗಿನೋರು ಬಂದು ಕೇಳಿದ್ರೆ ಉತ್ತರ ಕೊಡೋದು ನಮ್ಮಂಥೋರ ಕೆಲಸ. ಪೊಲೀಸ್ ಸ್ಟೇಷನ್ನಲ್ಲಿ ಕಾಯೋದು, ಓನರ್ ಹತ್ರ ಬೈಸಿಕೊಳ್ಳೋದು, ಸೊಸೈಟಿ ಸೆಕ್ರೆಟರಿಗೆ ಮೂರನೇ ಸಲ ಅದೇ ವಿಷಯ ತಿಳಿಸಿ ಹೇಳೋದು, ಇದನ್ನೆಲ್ಲ ಮುಖ ನೋಡಿ ಯಾರೂ ಬೈಯದ ನಾವು ಮಾಡ್ಬೇಕು, ತೀರ್ಮಾನ ಮಾತ್ರ ಯಾರಿಗೆ ಅನ್ಯಾಯ ಆಗಿದೆಯೋ ಅವರದ್ದು. ನೋಡೋಕೆ ಸಣ್ಣ ಬದಲಾವಣೆ, ಆದ್ರೆ ಆಮೇಲೆ ಬಿಟ್ಟುಹೋಗೋರ ಸಂಖ್ಯೆ ಕಡಿಮೆ ಆಗಿದ್ದು ನಮಗೇ ಕಾಣಿಸ್ತು. ಕೇರಂ ಆಡೋಕೆ ಅಂತ ಬಂದ ಹುಡುಗರೇ ಈಗ ಮನೆ ಹುಡುಕೋ ಕೆಲಸ ಮಾಡ್ತಿದಾರೆ.

ಭರವಸೆ ಹೇಗೆ ಕೆಲಸ ಮಾಡತ್ತೆ ಅನ್ನೋದಕ್ಕೆ ಸಿ. ಆರ್. ಸ್ನೈಡರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1990ರ ದಶಕದಲ್ಲಿ ಕೊಟ್ಟ ವಿವರಣೆ ನಂಗೆ ಬಹಳ ಉಪಯೋಗಕ್ಕೆ ಬಂದಿದೆ. ಅವರ ಪ್ರಕಾರ ಭರವಸೆ ಅಂದ್ರೆ ಎಲ್ಲಾ ಒಳ್ಳೇದಾಗತ್ತೆ ಅಂತ ಅಂದ್ಕೊಳ್ಳೋದಲ್ಲ, ಅದರಲ್ಲಿ ಮೂರು ಇರ್ಬೇಕು: ತಲುಪಬೇಕಾದ ಒಂದು ಗುರಿ, ಅಲ್ಲಿಗೆ ಹೋಗೋಕೆ ಒಂದಕ್ಕಿಂತ ಹೆಚ್ಚು ದಾರಿ, ಆ ದಾರೀಲಿ ನಾನು ನಡೀಬಲ್ಲೆ ಅನ್ನೋ ನಂಬಿಕೆ. ಈಗ ಯೋಚನೆ ಮಾಡಿ, "ಜನಾಂಗಭೇದ ಹೋಗ್ಬೇಕು" ಅನ್ನೋದು ಗುರಿ ಅಂತ ಇಟ್ಕೊಂಡ್ರೆ ದಾರಿ ಎಲ್ಲಿದೆ? ನಾಳೆ ಬೆಳಿಗ್ಗೆ ಎದ್ದು ಏನು ಮಾಡ್ತೀರಿ? ಏನು ಮಾಡಿದ್ರೂ ಸಂಜೆ ಹೊತ್ತಿಗೆ ಭೇದ ಹಾಗೇ ಇರತ್ತೆ, ಅಂದ್ರೆ ದಿನಾ ಸೋಲು. ಅದೇ "ಈ ಹುಡುಗಿಯ ಡಿಪಾಸಿಟ್ ತಿಂಗಳ ಕೊನೆಯೊಳಗೆ ವಾಪಸ್ ಬರ್ಬೇಕು" ಅಂತ ಇಟ್ಕೊಳ್ಳಿ. ಓನರ್ ಜೊತೆ ಮಾತಾಡೋದು ಒಂದು ದಾರಿ, ಬ್ರೋಕರ್ ಮೂಲಕ ಹೇಳಿಸೋದು ಇನ್ನೊಂದು, ವಕೀಲರಿಂದ ನೋಟಿಸ್ ಕಳಿಸೋದು ಮತ್ತೊಂದು. ಒಂದು ಮುಚ್ಚಿದ್ರೆ ಇನ್ನೊಂದು ಇದೆ. ದೊಡ್ಡ ಗುರಿ ಬಿಡಿ ಅಂತ ನಾನು ಹೇಳ್ತಿಲ್ಲ, ಅದು ಗೋಡೆ ಮೇಲೆ ಇರ್ಲಿ, ತಿಂಗಳ ಮೀಟಿಂಗಲ್ಲಿ ಲೆಕ್ಕ ಒಪ್ಪಿಸೋದು ಮಾತ್ರ ಸಣ್ಣದರ ಬಗ್ಗೆ.

ಕಾನೂನಿನ ವಿಷಯದಲ್ಲೂ ಇದೇ ಲೆಕ್ಕ ಇಟ್ಕೊಂಡ್ರೆ ನಿರಾಶೆ ಕಮ್ಮಿ. 2014ರ ಜನವರೀಲಿ ದೆಹಲಿಯ ಲಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ಹಲ್ಲೆಯಾಗಿ ತೀರಿಕೊಂಡ, ಅವನ ಕೂದಲು ಮುಖ ನೋಡಿ ಹಾಸ್ಯ ಮಾಡಿದ್ರಿಂದ ಶುರುವಾದ ಜಗಳ ಅದು. ಆಮೇಲೆ ಕೇಂದ್ರ ಸರ್ಕಾರ ಈಶಾನ್ಯದೋರ ಸಮಸ್ಯೆ ನೋಡೋಕೆ ಬೇಜ್‌ಬರುವಾ ಸಮಿತಿ ಮಾಡ್ತು, ಅದೇ ವರ್ಷ ವರದಿ ಬಂತು, ಈ ಥರದ ಅವಮಾನಕ್ಕೆ ಅಂತಲೇ ಪ್ರತ್ಯೇಕ ಸೆಕ್ಷನ್ ಬೇಕು ಅಂತ ಅದರಲ್ಲಿತ್ತು. ಆ ಸೆಕ್ಷನ್ ಬರ್ಲಿಲ್ಲ, ಐಪಿಸಿ ಬದಲು 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇಲ್ಲ. ಇದನ್ನ ಮೊದಲ ಸಲ ಕೇಳಿದ ಹೊಸಬರ ಮುಖ ಬಾಡಿ ಹೋಗತ್ತೆ, ನಾನು ಎಷ್ಟೋ ಸಲ ನೋಡಿದೀನಿ. ಅದಕ್ಕೆ ಇರೋದರಿಂದ ಶುರು ಮಾಡ್ತೀವಿ: ಹೊಡೆದಿದ್ರೆ, ಬೆದರಿಸಿದ್ರೆ, ಹೆಣ್ಣುಮಕ್ಕಳಿಗೆ ಅಸಭ್ಯವಾಗಿ ಮಾತಾಡಿದ್ರೆ ಸೆಕ್ಷನ್ ಇದೆ, ಜನಾಂಗದ ಹೆಸರಲ್ಲಿ ದ್ವೇಷ ಹಬ್ಬಿಸಿದ್ರೆ ಇದೆ, ಬೇರೆ ಏರಿಯಾದಲ್ಲಿ ನಡೆದಿದ್ರೂ ಹತ್ತಿರದ ಸ್ಟೇಷನ್ನಲ್ಲೇ ಜೀರೋ ಎಫ್‌ಐಆರ್ ಹಾಕಿಸಬಹುದು. ದಾರಿ ಪೂರ್ತಿ ಮುಚ್ಚಿಲ್ಲ ಅಂತ ಗೊತ್ತಾದ್ರೆ ಮನುಷ್ಯ ಎದ್ದು ನಿಲ್ತಾನೆ.

ಇನ್ನು ನಮ್ಮವರ ವಿಷಯ, ಅಂದ್ರೆ ಮುಂಬೈ ಕನ್ನಡಿಗರದ್ದು. ಇದು ಸ್ವಲ್ಪ ನೋವಿನ ವಿಷಯ, ಆದ್ರೆ ನನ್ನ ಪಾಲಿಗೆ ಅತಿ ಹೆಚ್ಚು ಭರವಸೆ ಬಂದಿದ್ದೂ ಇಲ್ಲಿಂದಲೇ. 1960ರ ದಶಕದ ಕೊನೇಲಿ ಈ ಊರಲ್ಲಿ ದಕ್ಷಿಣದೋರ ವಿರುದ್ಧ "ಬಜಾವ್ ಪುಂಗಿ, ಹಟಾವ್ ಲುಂಗಿ" ಅಂತ ಘೋಷಣೆ ಎದ್ದಿತ್ತು, ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದಿತ್ತು, ನಮ್ಮ ಹಿರಿಯರಿಗೆ ಅದೆಲ್ಲ ನೆನಪಿದೆ. ಹಾಗೆ ಇದ್ರೂ ಇವತ್ತು ಫ್ಲಾಟ್ ಇರೋ ನಮ್ಮವರೇ ಈಶಾನ್ಯದ ಹುಡುಗರಿಗೆ ಮನೆ ಕೊಡಲ್ಲ. ಒಬ್ಬರು ಹಿರಿಯರ ಹತ್ರ ನಾನು ಮತ್ತೆ ಇನ್ನೊಬ್ಬ ಹುಡುಗ ಹೋಗಿದ್ವಿ, ಕುಂದಾಪುರ ಕಡೆಯೋರು, ಚಿಕ್ಕ ಹುಡುಗ ಆಗಿದ್ದಾಗ ತಟ್ಟೆ ತೊಳೆಯೋಕೆ ಅಂತ ಬಂದೋರು, ರಾತ್ರಿ ಶಾಲೇಲಿ ಕನ್ನಡ ಓದಿ ಮುಂದೆ ಬಂದೋರು. "ಮಾಮಾ, ಆ ಖಾಲಿ ರೂಮು ಈ ಹುಡುಗೀರಿಗೆ ಕೊಡ್ತೀರಾ" ಅಂದ್ರೆ "ಬೇಡಮ್ಮ, ಆ ಚೈನಾದ ಹಾಗೆ ಇರೋರು ಬೇಡ, ಸೊಸೈಟೀಲಿ ಮಾತಾಗತ್ತೆ" ಅಂದ್ರು. ನಾವು ವಾದ ಮಾಡ್ಲಿಲ್ಲ. ಆ ಕಲ್ಲು ಬಿದ್ದ ಕಾಲದಲ್ಲಿ ನೀವು ಎಲ್ಲಿದ್ರಿ ಅಂತ ಕೇಳಿದ್ವಿ. ಅವರು ಹೇಳ್ತಾ ಹೋದ್ರು, ಶಟರ್ ಅರ್ಧ ಎಳೆದು ಒಳಗೆ ಕೂತಿದ್ದು, ಹೊರಗೆ ಗಾಜು ಒಡೆದ ಸದ್ದು, ಹಿಟ್ಟಿನ ಡಬ್ಬದ ಹಿಂದೆ ಇವರನ್ನ ಕೂರಿಸಿ ಭಟ್ಟರು ಬಾಗಿಲಿಗೆ ನಿಂತಿದ್ದು, ಮಾರನೇ ದಿನ ಪಕ್ಕದ ಚಾಳಿನ ಮರಾಠಿ ಅಜ್ಜಿ ಒಬ್ಬರು ಬಂದು ಇವರನ್ನ ಮನೇಲಿ ಮಲಗಿಸಿಕೊಂಡಿದ್ದು. ಹೇಳಿ ಸುಮ್ಮನಾದ್ರು. ರೂಮು ಅವತ್ತು ಸಿಗ್ಲಿಲ್ಲ. ಮುಂದಿನ ವರ್ಷ ಅವರೇ ಫೋನ್ ಮಾಡಿ "ಆ ಹುಡುಗೀರಿಗೆ ಮನೆ ಸಿಕ್ತಾ" ಅಂತ ಕೇಳಿದ್ರು. ಈಗ ಆ ರೂಮಲ್ಲಿ ನರ್ಸಿಂಗ್ ಓದೋ ಇಬ್ಬರು ಮಿಜೋ ಹುಡುಗೀರಿದಾರೆ, ಮಾಮಾ ಅವರಿಗೆ ಅಂತ ಸೊಸೈಟಿ ಮೀಟಿಂಗಲ್ಲಿ ಜಗಳ ಕೂಡ ಆಡಿದಾರೆ. ಎಲ್ಲರೂ ಹೀಗೆ ಬದಲಾಗಲ್ಲ, ಹೆಚ್ಚಿನೋರು ಆಗಲ್ಲ. ಆದ್ರೆ ಜನ ಬದಲಾಗೋದು ನಮ್ಮ ಕ್ಯಾಲೆಂಡರ್ ನೋಡ್ಕೊಂಡಲ್ಲ ಅಂತ ತಿಳ್ಕೊಂಡ್ರೆ ಅವತ್ತು ಬರಿಗೈಲಿ ವಾಪಸ್ ಬಂದಿದ್ದು ಅಷ್ಟು ಭಾರ ಅನ್ಸಲ್ಲ.

ಚರಿತ್ರೇಲಿ ದೀರ್ಘಕಾಲ ನಿಂತ ಹೋರಾಟಗಳನ್ನ ನೋಡಿದ್ರೆ ಅಲ್ಲೆಲ್ಲ ಯಾರೋ ಒಬ್ಬರು ಅಡುಗೆ, ವಾಹನ, ಹಣ, ಹಾಡು ಇದನ್ನೆಲ್ಲ ನೋಡ್ಕೊಂಡಿರ್ತಾರೆ, ಅವರ ಹೆಸರು ಕೆಳಗೆಲ್ಲೋ ಇರತ್ತೆ. ಅಮೆರಿಕದ ಮಾಂಟ್‌ಗೊಮರಿ ಊರಿನ ಬಸ್ ಬಹಿಷ್ಕಾರ ಎಲ್ಲರಿಗೂ ಗೊತ್ತು, ಬಿಳಿಯನಿಗೆ ಬಸ್ಸಿನ ಸೀಟು ಬಿಟ್ಟುಕೊಡದ ಕಪ್ಪು ಹೆಂಗಸು ರೋಸಾ ಪಾರ್ಕ್ಸ್ ಬಂಧನ ಆದ್ಮೇಲೆ 1955ರ ಡಿಸೆಂಬರ್ 5ಕ್ಕೆ ಶುರುವಾಗಿದ್ದು, 381 ದಿನ ನಡೀತು. ಒಂದು ವರ್ಷಕ್ಕೂ ಜಾಸ್ತಿ ಸಾವಿರಾರು ಜನ ಬಸ್ ಹತ್ತದೇ ಕೆಲಸಕ್ಕೆ ಹೋದ್ರು ಅಂದ್ರೆ ಬರೀ ಆವೇಶದಲ್ಲಿ ಆಗೋದಲ್ಲ ಅದು. ಯಾವ ಮೂಲೆಯಿಂದ ಎಷ್ಟು ಹೊತ್ತಿಗೆ ಯಾರ ಕಾರು ಹೊರಡತ್ತೆ ಅಂತ ವ್ಯವಸ್ಥೆ ಇತ್ತು, ಚರ್ಚುಗಳಲ್ಲಿ ತಪ್ಪದೇ ಸಭೆ ಇತ್ತು, ಸಭೇಲಿ ಹಾಡು ಇತ್ತು. ಅಲ್ಲಿ ಜಾರ್ಜಿಯಾ ಗಿಲ್ಮೋರ್ ಅಂತ ಒಬ್ಬ ಅಡುಗೆಯಾಕೆ ಇದ್ರು, ಹೋಟೆಲಲ್ಲಿ ಕೆಲಸ, ಮಕ್ಕಳ ತಾಯಿ. ಅವರು ಇನ್ನೊಂದಷ್ಟು ಹೆಂಗಸರನ್ನ ಸೇರಿಸ್ಕೊಂಡು ಕೇಕು, ಪೈ, ಕೋಳಿ ಸ್ಯಾಂಡ್‌ವಿಚ್ ಮಾಡಿ ಮಾರೋರು, ಬಂದ ದುಡ್ಡು ಬಹಿಷ್ಕಾರದ ಕಾರುಗಳ ಪೆಟ್ರೋಲಿಗೆ. ಆ ಗುಂಪಿಗೆ ಇಟ್ಟ ಹೆಸರು "ಎಲ್ಲಿಂದಲೂ ಬಂದಿಲ್ಲದ ಕ್ಲಬ್" ಅನ್ನೋ ಅರ್ಥದ್ದು, ಹಣ ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳಿದ್ರೆ ಯಾರ ಹೆಸರೂ ಹೇಳ್ಬೇಕಾಗಿಲ್ಲ, ಬಿಳಿಯರ ಮನೇಲಿ ಕೆಲಸಕ್ಕಿದ್ದ ಹೆಂಗಸರ ಕೆಲಸ ಹೋಗ್ಬಾರದಲ್ಲ, ಅದಕ್ಕೆ. ಗಿಲ್ಮೋರ್ ಅವರದ್ದೇ ಕೆಲಸ ಹೋಯ್ತು, ಕೋರ್ಟಲ್ಲಿ ಸಾಕ್ಷಿ ಹೇಳಿದ್ದಕ್ಕೆ. ಆಗ ಬಹಿಷ್ಕಾರದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್, ನಿಮ್ಮ ಮನೇಲೇ ಊಟ ಹಾಕೋಕೆ ಶುರು ಮಾಡಿ ಅಂತ ಹೇಳಿ ನೆರವೂ ಕೊಟ್ರು, ಆಮೇಲೆ ಗಿಲ್ಮೋರ್ ಮನೆಯ ಊಟದ ಮೇಜೇ ಹೋರಾಟಗಾರರು ಸೇರೋ ಜಾಗ ಆಯ್ತು. 1990ರ ಮಾರ್ಚಲ್ಲಿ ತಾವು ತೀರಿಕೊಂಡ ದಿನವೂ ಗಿಲ್ಮೋರ್, ಕಪ್ಪುಜನರ ಮತದಾನದ ಹಕ್ಕಿಗೆ ನಡೆದ ಸೆಲ್ಮಾ ನಡಿಗೆಯ 25ನೇ ವರ್ಷಕ್ಕೆ ಬರೋರಿಗೆ ಅಂತ ಅಡುಗೆ ಮಾಡ್ತಿದ್ರು.

ಹೋಟೆಲ್ ಲೈನಿನ ನಮ್ಮ ಹುಡುಗರಿಗೆ ಈ ಕತೆ ಹೇಳಿದಾಗ ಅವರಿಗೆ ವಿವರಣೆ ಬೇಕಾಗ್ಲಿಲ್ಲ. ಹೋಟೆಲಿನ ಅಡುಗೆಮನೆ ನಡೆಯೋದು ಶಿಫ್ಟ್ ಮೇಲೆ, ಬೆಳಿಗ್ಗೆ ಇಡ್ಲಿ ಬೇಯಿಸಿದೋನು ರಾತ್ರಿ ಗಲ್ಲಾ ಮುಚ್ಚೋವರೆಗೂ ನಿಲ್ಲಲ್ಲ, ನಿಲ್ಲಿಸಿದ್ರೆ ಕೈ ಸುಟ್ಕೋತಾನೆ. ನಮ್ಮ ಗುಂಪೂ ಹಾಗೇ ಈಗ. ರಾತ್ರಿ ಫೋನು ಒಂದೇ, ಅದು ವಾರಕ್ಕೊಬ್ಬರ ಹತ್ರ, ಉಳಿದೋರು ಹತ್ತು ಗಂಟೆಗೆ ವಾಟ್ಸಾಪ್ ಮ್ಯೂಟ್ ಮಾಡಿ ಮಲಗ್ತಾರೆ, ಮಲಗಿದ್ದಕ್ಕೆ ಯಾರೂ ತಪ್ಪು ತಿಳಿಯಲ್ಲ. ಸ್ಟೇಷನ್ನಿಗೆ ಯಾವತ್ತೂ ಇಬ್ಬರು, ಒಬ್ಬರು ಮಾತಾಡೋಕೆ ಒಬ್ಬರು ಬರ್ಕೊಳ್ಳೋಕೆ. ವಾಪಸ್ ಬರೋವಾಗ ಎಷ್ಟೇ ಲೇಟಾದ್ರೂ ಎಲ್ಲಾದ್ರೂ ಕೂತು ಊಟ ಮಾಡಿ, ನಡೆದಿದ್ದನ್ನ ಮಾತಾಡಿ ಮುಗಿಸಿನೇ ಮನೆಗೆ, ಹೊಟ್ಟೇಲಿ ಸಿಟ್ಟು ಇಟ್ಕೊಂಡು ಒಬ್ಬರೇ ಲೋಕಲ್ ಹತ್ತೋದು ಬೇಡ. ಹಲ್ಲೆಯ ವಿಡಿಯೋ ಗುಂಪಲ್ಲಿ ಹಾಕೋ ಹಾಗಿಲ್ಲ, ಸಾಕ್ಷಿಗೆ ಬೇಕಾದ್ರೆ ಒಬ್ಬರು ನೋಡಿ ಜೋಪಾನ ಮಾಡ್ತಾರೆ, ಬೇರೆಯೋರ ನೋವು ಪದೇ ಪದೇ ನೋಡಿದ್ರೆ ನೋಡಿದೋರಿಗೂ ಅದೇ ಭಯ ಅದೇ ನಿದ್ದೆಗೇಡು ಬರತ್ತೆ, ಆಂಬುಲೆನ್ಸ್ ನರ್ಸ್‌ಗಳಲ್ಲಿ ಆಪ್ತಸಲಹೆಗಾರರಲ್ಲಿ ಇದು ಚೆನ್ನಾಗಿ ಗೊತ್ತಿರೋ ವಿಷಯ. ಮತ್ತೆ ರಜೆ. ಯಾರು ಬೇಕಾದ್ರೂ ಮೂರು ತಿಂಗಳು ಬರಲ್ಲ ಅನ್ನಬಹುದು, ಕಾರಣ ಕೇಳಲ್ಲ.

ನಮ್ಮ ನೆಲದ್ದೇ ಕತೆ ಬೇಕಾದ್ರೆ ಇಲ್ಲೇ ಪುಣೆ ಇದೆ. 1848ರಲ್ಲಿ ಜೋತಿಬಾ ಮತ್ತೆ ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆಗೆದಾಗ ದಾರೀಲಿ ಸಾವಿತ್ರಿಬಾಯಿ ಮೇಲೆ ಸಗಣಿ ಕೆಸರು ಎರಚ್ತಿದ್ರು, ಅದಕ್ಕೇ ಅವರು ಚೀಲದಲ್ಲಿ ಇನ್ನೊಂದು ಸೀರೆ ಇಟ್ಕೊಂಡು ಹೋಗ್ತಿದ್ರು ಅನ್ನೋದು ಮಹಾರಾಷ್ಟ್ರದಲ್ಲಿ ಶಾಲೆ ಮಕ್ಕಳಿಗೂ ಗೊತ್ತು. ನಾನು ಆ ಸೀರೆ ಬಗ್ಗೆ ಬಹಳ ಯೋಚಿಸಿದೀನಿ. ಎರಚೋದು ನಿಲ್ಲೋವರೆಗೂ ಕಾದಿದ್ರೆ ಶಾಲೆ ನಡೀತಿರ್ಲಿಲ್ಲ, ಎರಚಿದ್ದನ್ನೇ ಉಟ್ಕೊಂಡು ದಿನವಿಡೀ ಪಾಠ ಮಾಡೋದೂ ಆಗ್ತಿರ್ಲಿಲ್ಲ, ಅವರು ಅವಮಾನ ಬರತ್ತೆ ಅಂತ ಗೊತ್ತಿದ್ದೇ ಅದಕ್ಕೆ ಬೇಕಾದ್ದನ್ನ ಮೊದಲೇ ಚೀಲಕ್ಕೆ ಹಾಕಿದ್ರು. ಅದೇ ಜೋತಿಬಾ 1873ರಲ್ಲಿ ಬರೆದ 'ಗುಲಾಮಗಿರಿ' ಪುಸ್ತಕವನ್ನ ಅಮೆರಿಕದಲ್ಲಿ ಕಪ್ಪುಜನರ ಗುಲಾಮಗಿರಿ ತೊಲಗಿಸೋಕೆ ದುಡಿದ ಜನರಿಗೆ ಅರ್ಪಿಸಿದ್ರು. ಸುಮಾರು ನೂರು ವರ್ಷ ಆದ್ಮೇಲೆ, 1972ರಲ್ಲಿ, ಅಲ್ಲಿನ ಕಪ್ಪುಜನರ ಹೋರಾಟದ ಸಂಘಟನೆ ಬ್ಲ್ಯಾಕ್ ಪ್ಯಾಂಥರ್ಸ್ ನೋಡಿ ಮುಂಬೈಯಲ್ಲಿ ನಾಮದೇವ ಢಸಾಳ, ಜೆ. ವಿ. ಪವಾರ್, ರಾಜಾ ಢಾಲೆ ಇವರೆಲ್ಲ ಸೇರಿ ದಲಿತ ಪ್ಯಾಂಥರ್ಸ್ ಕಟ್ಟಿದ್ರು. ಎಲ್ಲೋ ದೂರದೋರ ಧೈರ್ಯ ಇಲ್ಲಿಗೆ ಬರತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದ್ರೆ ದಲಿತ ಪ್ಯಾಂಥರ್ಸ್ ಎರಡೇ ವರ್ಷದಲ್ಲಿ ಒಳಜಗಳಕ್ಕೆ ಒಡೆದು ಹೋಯ್ತು ಅನ್ನೋದನ್ನೂ ಮರೀಬಾರದು. ಒಳಗಿನ ಜಗಳ ಹೊರಗಿನ ಶತ್ರುಗಿಂತ ಬೇಗ ಮುರಿಯತ್ತೆ. ಮನಸ್ತಾಪ ಬಂದ ವಾರದೊಳಗೇ ಇಬ್ಬರನ್ನೂ ಕೂರಿಸಿ, ಮೂರನೆಯೋರು ಒಬ್ಬರು ಇದ್ದು, ಎದುರೆದುರು ಮಾತಾಡಿಸಿ ಬಿಡಿ, ವಾಟ್ಸಾಪಲ್ಲಿ ಬೇಡ.

ಗೆಲುವಿಗೆ ಎಷ್ಟು ಕಾಲ ಹಿಡಿಯತ್ತೆ ಅನ್ನೋ ಲೆಕ್ಕಕ್ಕೆ ನಾನು ಹೇಳೋದು ಮರಾಠವಾಡ ವಿಶ್ವವಿದ್ಯಾಲಯದ ಹೆಸರಿನ ಚಳವಳಿ. ಅಂಬೇಡ್ಕರ್ ಹೆಸರಿಡ್ಬೇಕು ಅಂತ 1978ರ ಜುಲೈಯಲ್ಲಿ ಮಹಾರಾಷ್ಟ್ರದ ಶಾಸನಸಭೆ ನಿರ್ಣಯ ಮಾಡ್ತು, ಕೂಡ್ಲೇ ಹಳ್ಳಿಹಳ್ಳೀಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು, ಜನ ಸತ್ರು, ಊರು ಬಿಟ್ರು. ಹೆಸರು ಬಂದಿದ್ದು 1994ರ ಜನವರಿ 14ಕ್ಕೆ. ನಡುವಿನ ಹದಿನೈದೂವರೆ ವರ್ಷ ಜನ ಮಾಡಿದ್ದೇನು? ಮೋರ್ಚಾ ಹೋದ್ರು, ಜೈಲಿಗೆ ಹೋದ್ರು, ಜೊತೆಗೆ ಮದುವೆ ಆದ್ರು, ಮಕ್ಕಳನ್ನ ಓದಿಸಿದ್ರು, ಭೀಮಗೀತೆ ಹಾಡಿದ್ರು, ಅಂಬೇಡ್ಕರ್ ತೀರಿಕೊಂಡ ದಿನ ಡಿಸೆಂಬರ್ 6ಕ್ಕೆ ಅವರ ಸ್ಮಾರಕ ಇರೋ ದಾದರ್ ಚೈತ್ಯಭೂಮಿಗೆ ಬಂದು ಶಿವಾಜಿ ಪಾರ್ಕಲ್ಲಿ ಪುಸ್ತಕ ಕೊಂಡು ಹೋದ್ರು. ಈಗಲೂ ಅವತ್ತು ಹೋಗಿ ನೋಡಿ, ದುಃಖದ ದಿನ, ಆದ್ರೂ ಅಲ್ಲಿ ಊಟ ಬಡಿಸೋರು ನೀರು ಕೊಡೋರು ಕಾಲುನೋವಿಗೆ ಔಷಧಿ ಕೊಡೋರು ಎಲ್ಲಾ ಇರ್ತಾರೆ, ರಾತ್ರಿ ಇಡೀ ಪ್ರಯಾಣ ಮಾಡಿ ಬಂದ ಹೆಂಗಸರು ಮಕ್ಕಳಿಗೆ ಅಂತ ಆರಿಸಿ ಆರಿಸಿ ಪುಸ್ತಕ ತಗೋತಾರೆ. ಹೊಸದಾಗಿ ಸೇರಿದೋರನ್ನ ನಾವು ವರ್ಷಾವರ್ಷ ಅಲ್ಲಿಗೆ ನೀರು ಹಂಚೋಕೆ ಕರ್ಕೊಂಡು ಹೋಗ್ತೀವಿ, ತರಬೇತಿ ಅಂತ ನಾವು ಮಾಡೋದರಲ್ಲಿ ನನಗೆ ಇದರ ಮೇಲೇ ಹೆಚ್ಚು ನಂಬಿಕೆ.

ಇಷ್ಟೆಲ್ಲ ವ್ಯವಸ್ಥೆ ಇದ್ರೂ ಕೆಲವರಿಗೆ ಅದು ಸಾಲಲ್ಲ, ಅದನ್ನ ಒಪ್ಕೊಳ್ಳಬೇಕು. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಇಲ್ಲ, ಊಟ ಸೇರಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಅಥವಾ ಬದುಕೋದೇ ಬೇಡ ಅನ್ನೋ ಯೋಚನೆ ಬಂತು ಅಂದ್ರೆ ಅದು ಕೇರಂ ಬೋರ್ಡಿನಿಂದ ಊಟದಿಂದ ಸರಿಹೋಗಲ್ಲ, ಡಾಕ್ಟರ್ ಹತ್ರ ಹೋಗ್ಬೇಕು, ಜೊತೆಗೆ ಒಬ್ಬರು ಹೋಗಿ. ಕೇಂದ್ರ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416, ದುಡ್ಡಿಲ್ಲ, ಹಗಲು ರಾತ್ರಿ ಇರತ್ತೆ, ಕನ್ನಡದಲ್ಲೂ ಮಾತಾಡ್ತಾರೆ. ಆಪ್ತಸಲಹೆಗಾರರನ್ನ ಹುಡುಕೋವಾಗ ಜಾತಿ, ಜನಾಂಗದ ವಿಷಯ ಅರ್ಥ ಆಗತ್ತಾ ಅಂತ ಮೊದಲ ಭೇಟೀಲೇ ನೇರವಾಗಿ ಕೇಳಿ, "ನೀವು ತುಂಬಾ ಮನಸ್ಸಿಗೆ ಹಚ್ಕೊಂಡಿದೀರಿ" ಅಂತ ಹೇಳೋರಾದ್ರೆ ಬೇರೆಯೋರನ್ನ ನೋಡಿ. ಗುಣ ಆಗಿ ವಾಪಸ್ ಬರೋರಿಗೆ ಮೊದಲ ಒಂದೆರಡು ತಿಂಗಳು ಫೈಲು, ಬಾಡಿಗೆ ಕರಾರು, ಫೋನ್ ನಂಬರ್ ಪಟ್ಟಿ ಈ ಥರದ ಕೆಲಸ ಕೊಡಿ, ಸ್ಟೇಷನ್ನಿಗೆ ಕಳಿಸ್ಬೇಡಿ, ರಾತ್ರಿ ಫೋನಿನ ಸರದೀಲಿ ಅವರ ಹೆಸರು ಹಾಕ್ಬೇಡಿ, ಅವರೇ ಹಾಕಿ ಅನ್ನೋವರೆಗೂ.